ಅಪ್ಪನ ರೋಡ್‌ಕಿಂಗ್ ಕೆಫೆ ರೇಸರ್ ಆಗಬೇಕು: ಹಿಂದಿನ ಫ್ರೇಮ್ ಕತ್ತರಿಸಲಾ, ಬೇಡವಾ?

ಮೂಡಿಗೆರೆ ಮಳೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಟೀ ಹಿಡಿದುಕೊಂಡು ಓದಿ.

ಗಾಡಿ ಯೆಜ್ಡಿ ರೋಡ್‌ಕಿಂಗ್, 1986ರದ್ದು. ಅಪ್ಪ ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಆಗಿದ್ದರು. ಹಾಸನದಿಂದ ಹೊಸದಾಗಿ ತಂದಿದ್ದು. ಮುಂದೆ ಇಪ್ಪತ್ತು ಚಿಲ್ಲರೆ ವರ್ಷ ನಮ್ಮ ಮನೆಗೆ ಜೀಪು, ಆಂಬುಲೆನ್ಸು, ಸ್ಕೂಲ್ ವ್ಯಾನು ಎಲ್ಲಾ ಅದೇ. ಟ್ಯಾಂಕ್ ಮೇಲೆ ನಾನು, ಹಿಂದೆ ಅಮ್ಮ, ಅಮ್ಮನ ತೊಡೆ ಮೇಲೆ ತಂಗಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ವರ್ಷಕ್ಕೊಮ್ಮೆ ಹೋಗುತ್ತಿದ್ದೆವು. ಘಾಟಿ ಇಳಿಯುವಾಗ ಅಪ್ಪ ಆಗಾಗ ಕ್ಲಚ್ ಹಿಡಿದು ಸುಮ್ನೆ ಆಕ್ಸಿಲರೇಟರ್ ತಿರುಗಿಸಿ 'ಡುರ್ರ್' ಅನ್ನಿಸುತ್ತಿದ್ದರು. ಅದು ಅವರ ಸ್ಟೈಲು. ನಾನು ಕೂಡ ಸೈಕಲ್‌ನಲ್ಲಿ ಇಳಿಯುವಾಗ ಬಾಯಲ್ಲಿ ಅದೇ ಸದ್ದು ಮಾಡುತ್ತಿದ್ದೆ.

2009ರಲ್ಲಿ ಗಾಡಿ ನಿಂತಿತು. ತೋಟದ ಮನೆಯ ಗೋದಾಮಿನಲ್ಲಿ ಮೆಣಸಿನ ಚೀಲಗಳ ಹಿಂದೆ ಟಾರ್ಪಾಲ್ ಹೊದ್ದು ಮಲಗಿತ್ತು. ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಈ ಬೇಸಿಗೆಯಲ್ಲಿ ಮನೆ ಖಾಲಿ ಮಾಡುವಾಗ ಹೊರಗೆ ತಂದೆ. ಟೂಲ್ ಬಾಕ್ಸಿನಲ್ಲಿ ಇಲಿ ಸಂಸಾರ. ವೈರಿಂಗ್ ಅನ್ನು ನೂಡಲ್ಸ್ ತಿಂದ ಹಾಗೆ ತಿಂದು ಹಾಕಿದ್ದವು. ಕಿಕ್ ಅಲ್ಲಾಡಲಿಲ್ಲ. ಪ್ಲಗ್ ಬಿಚ್ಚಿ ಡೀಸೆಲ್ ಮತ್ತು 2ಟಿ ಆಯಿಲ್ ಬಿಟ್ಟು ಒಂದು ವಾರ ಹಾಗೇ ಇಟ್ಟೆ. ಎಂಟನೇ ದಿನ 'ಕಟಕ್' ಅಂತ ಬಿಟ್ಟುಕೊಂಡಿತು. ಹೊಸ ಪಾಯಿಂಟ್, ಕಂಡೆನ್ಸರ್, ಪ್ಲಗ್ ಹಾಕಿದ ಮೇಲೆ ಸ್ಟಾರ್ಟ್ ಕೂಡ ಆಯ್ತು! ಆದರೆ ಹೊಗೆ ಅಂದರೆ ಹೊಗೆ. ಪಕ್ಕದ ಮನೆಯವರು ಪಂಚಾಯ್ತಿಯವರು ಸೊಳ್ಳೆಗೆ ಹೊಡೆಯೋಕೆ ಬಂದಿದ್ದಾರೆ ಅಂದುಕೊಂಡರು. ಇನ್ನೊಂದು ವಿಚಿತ್ರ: ಸ್ವಲ್ಪ ಹೊತ್ತು ಓಡಿದ ಮೇಲೆ ಐಡ್ಲಿಂಗ್ ತಾನಾಗಿ ಏರುತ್ತದೆ. ಕಾರ್ಬುರೇಟರ್ ಸ್ಕ್ರೂ ಎಷ್ಟು ತಿರುಗಿಸಿದರೂ ಕೇಳುವುದಿಲ್ಲ.

ಈಗ ಗಾಡಿ ಬೆಂಗಳೂರಿಗೆ ಬಂದಿದೆ. ನಾನು ಪೀಣ್ಯದಲ್ಲಿ ಟೂಲ್ ರೂಮಿನಲ್ಲಿದ್ದೇನೆ. ಲೇತ್, ಮಿಲ್ಲಿಂಗ್ ಕೈಗೆ ಸಿಗುತ್ತವೆ, ಭಾನುವಾರ ಯಜಮಾನರು ಬೇಡ ಅನ್ನುವುದಿಲ್ಲ. ಇದನ್ನು ಕೆಫೆ ರೇಸರ್ (ಹಳೇ ರೇಸ್ ಬೈಕಿನ ಹಾಗೆ ತಗ್ಗಿದ ಹ್ಯಾಂಡಲ್, ಒಂಟಿ ಸೀಟಿನ ಗಾಡಿ) ಮಾಡಬೇಕು ಅಂತ ಆಸೆ. ಪ್ಲ್ಯಾನ್ ಹೀಗಿದೆ: ಹ್ಯಾಂಡಲ್ ತೆಗೆದು ಫೋರ್ಕ್‌ಗೇ ಕ್ಲಿಪ್-ಆನ್ (ಕಚ್ಚಿಕೊಳ್ಳುವ ಎರಡು ತಗ್ಗಿನ ಹಿಡಿ), ಕಾಲಿಡುವ ಜಾಗ ಹಿಂದಕ್ಕೆ (ರಿಯರ್‌ಸೆಟ್), ಸೀಟಿನ ಹಿಂದಿನ ಫ್ರೇಮ್ ಕತ್ತರಿಸಿ ಚಿಕ್ಕ ಲೂಪ್ ವೆಲ್ಡಿಂಗ್, ಗೂನು ಇರುವ ಒಂಟಿ ಸೀಟು, ಎರಡೂ ಸೈಲೆನ್ಸರ್ ಗಿಡ್ಡ, ಏರ್ ಫಿಲ್ಟರ್ ಡಬ್ಬ ತೆಗೆದು ಕಾರ್ಬುರೇಟರ್ ಬಾಯಿಗೇ ಕೂರುವ ಪಾಡ್ ಫಿಲ್ಟರ್. ಖರ್ಚಿಗೆ ಅಂತ ಅರವತ್ತು ಸಾವಿರ ಎತ್ತಿಟ್ಟಿದ್ದೇನೆ.

ಕೈ ಮಾತ್ರ ಫ್ರೇಮ್ ಹತ್ತಿರ ಹೋದಾಗ ನಿಲ್ಲುತ್ತಿದೆ. ಹೋದ ಭಾನುವಾರ ಗ್ರೈಂಡರ್ ಆನ್ ಮಾಡಿ, ಆಫ್ ಮಾಡಿ, ಮನೆಗೆ ಬಂದೆ. ಅಮ್ಮನಿಗೆ ಫೋನಿನಲ್ಲಿ ಒಂದು ಕೆಫೆ ರೇಸರ್ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದೆ ಕಣೋ. ನಾನು ಎಲ್ಲಿ ಕೂರೋದು?" ಅಂದರು. ಅವರಿಗೆ 68. ಬೈಕ್ ಹತ್ತಿ ಹತ್ತು ವರ್ಷದ ಮೇಲಾಯ್ತು. ಹತ್ತುವ ಯೋಚನೆಯೂ ಇದ್ದ ಹಾಗಿಲ್ಲ. ಆದರೂ.

ಗೊತ್ತಿರುವವರು ಹೇಳಿ. ಕತ್ತರಿಸಲಾ?

ಕ್ಲಿಪ್ಆನ್ ಕಿಟ್ಟಿ:

ಗುರು, ಕತ್ತರಿಸು! ಗೋದಾಮಿನಲ್ಲಿ ಇಲಿ ಸಾಕಿಕೊಂಡಿದ್ದ ಗಾಡಿ, ನಿನ್ನಿಂದ ರಸ್ತೆಗೆ ಬರುತ್ತಿದೆ. ಅಪ್ಪಂಗೂ ಖುಷಿನೇ ಆಗಿರ್ತಿತ್ತು. ಲಂಡನ್ನಿನ ಏಸ್ ಕೆಫೆಗೆ ಬರುತ್ತಿದ್ದ ಹಳೇ ಕೆಫೆ ರೇಸರ್ ಹುಡುಗರು ಏನು ಪೂಜೆ ಮಾಡಿಕೊಂಡು ಕೂತಿದ್ದರಾ? ಟ್ರಯಂಫ್ ಇಂಜಿನ್ ಕಿತ್ತು ನಾರ್ಟನ್ ಫ್ರೇಮಿಗೆ ಹಾಕಿ ಟ್ರೈಟನ್ ಮಾಡಿದರು. ಬೇಡದ್ದೆಲ್ಲ ಕಿತ್ತು ಎಸೆದು ಗಂಟೆಗೆ ನೂರು ಮೈಲಿ ಮುಟ್ಟೋಕೆ ಹೊರಟವರು ಅವರು. ಗಾಡಿ ಇರೋದು ಓಡಿಸೋಕೆ. ಫೋಟೋ ಹಾಕು.

ಯಾದವಗಿರಿ 250:

ತಮ್ಮಾ, ನಾನು ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇಂಜಿನ್ ಅಸೆಂಬ್ಲಿಯಲ್ಲಿದ್ದವನು. 1979ರಲ್ಲಿ ಸೇರಿದೆ, 1996ರಲ್ಲಿ ಬಾಗಿಲು ಹಾಕುವವರೆಗೂ ಇದ್ದೆ. 86ರ ಗಾಡಿ ಅಂದಿರಿ. ನಮ್ಮ ಲೈನಿನಲ್ಲೇ ಇಳಿದು ಬಂದಿರುತ್ತೆ.

ಫ್ರೇಮ್ ವಿಷಯ ಆಮೇಲೆ. ಮೊದಲು ಇಂಜಿನ್. ಹೊಗೆ, ಏರುವ ಐಡ್ಲಿಂಗ್, ಇವೆರಡೂ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡು ಕಡೆಯ ಆಯಿಲ್ ಸೀಲಿನ ಕೆಲಸ. ಇಷ್ಟು ವರ್ಷ ನಿಂತರೆ ರಬ್ಬರ್ ಸೆಟೆದುಕೊಳ್ಳುತ್ತದೆ. ಎಡಗಡೆ ಕ್ಲಚ್ ಬದಿಯ ಸೀಲ್ ಹೋದರೆ ಇಂಜಿನ್ ಅಲ್ಲಿನ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ. ಅದೇ ನಿಮ್ಮ ಸೊಳ್ಳೆ ಹೊಗೆ. ಗೇರ್ ಆಯಿಲ್ ಅಳೆದು ನೋಡಿ, ಕಮ್ಮಿ ಆಗಿರುತ್ತೆ. ಬಲಗಡೆ ಡೈನಮೋ ಬದಿಯದು ಹೋದರೆ ಹೊರಗಿನ ಗಾಳಿ ಎಳೆಯುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲ್ಲೂ ಕಮ್ಮಿ. ಇಂಜಿನ್ ತಾನಾಗಿ ಏರುತ್ತೆ, ಕಾಯುತ್ತೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಇನ್ನು ಸ್ಟಾರ್ಟ್ ಮಾಡಿ ಯಾರಿಗೂ ತೋರಿಸಬೇಡಿ. ಸೀಲ್ ಹಾಕುವವರೆಗೆ ಕಿಕ್ಕಿಗೆ ಕಾಲು ಇಡಬೇಡಿ.

ಸೀಲಿಗೆ ಹೇಗೂ ಬಿಚ್ಚುತ್ತೀರಿ. ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಸರಿ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದರೂ ರಾಡ್ ಕಿಟ್ ಹಾಕಿಸಲೇಬೇಕು. ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಟೂಲ್ ರೂಮಿನವರು, ಬೋರ್ ಗೇಜ್ ಇರುತ್ತೆ ಅಲ್ವಾ? ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಡೀಸೆಲ್ ಹಾಕಿ ಬಿಡಿಸಿದ ಬೋರಿನಲ್ಲಿ ರಿಂಗ್ ಕೂತಿದ್ದ ಜಾಗಕ್ಕೆ ತುಕ್ಕಿನ ಗೀರು ಇದ್ದೇ ಇರುತ್ತೆ. ಗೀರು ಉಗುರಿಗೆ ತಾಗಿದರೆ ಬೋರಿಂಗ್, ಓವರ್‌ಸೈಜ್ ಪಿಸ್ಟನ್.

ಸೈಲೆನ್ಸರ್ ಕತ್ತರಿಸುವ ಮಾತು ಬಿಟ್ಟುಬಿಡಿ. ಫೋರ್ ಸ್ಟ್ರೋಕ್ ಬುಲೆಟ್ಟಿಗೆ ಮಾಡಿದ್ದನ್ನು ನೋಡಿ ಯೆಜ್ಡಿಗೆ ಮಾಡುವವರು ಬಹಳ ಜನ. ಯೆಜ್ಡಿ ಟೂ ಸ್ಟ್ರೋಕ್, ಅದರಲ್ಲಿ ವಾಲ್ವ್ ಇಲ್ಲ. ಎಕ್ಸಾಸ್ಟ್ ಪೋರ್ಟ್ ತೆರೆದಿರುವಾಗ ಹೊಸ ಮಿಶ್ರಣ ಸ್ವಲ್ಪ ಹೊರಗೆ ಜಾರಿ ಹೋಗುತ್ತೆ. ಸೈಲೆನ್ಸರ್ ಒಳಗಿಂದ ವಾಪಸ್ ಬರುವ ಒತ್ತಡದ ಅಲೆ ಅದನ್ನು ಸಿಲಿಂಡರ್ ಒಳಗೆ ತಳ್ಳುತ್ತೆ. ಉದ್ದ ಬದಲಾದರೆ ಅಲೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಸದ್ದು ಹೆಚ್ಚುತ್ತೆ, ಎಳೆತ ಸಾಯುತ್ತೆ. ಪಾಡ್ ಫಿಲ್ಟರ್ ಹಾಕಿ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಬದಲಿಸದೇ ಇದ್ದರೆ ಮತ್ತೆ ಗಾಳಿ ಜಾಸ್ತಿ ಆಗಿ ಅದೇ ಸೀಜ್, ಪಿಸ್ಟನ್ ಹಿಡಿದುಕೊಳ್ಳುತ್ತೆ. ನಿಮ್ಮ ಅರವತ್ತು ಸಾವಿರದಲ್ಲಿ ಇದಕ್ಕೆ ಒಂದು ರೂಪಾಯಿ ಇಡಬೇಡಿ.

ರಿಯರ್‌ಸೆಟ್ ಅಂದಿರಿ. ನಿಮ್ಮ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್, ಇಳಿಸಿದರೆ ಗೇರ್. ಕಾಲು ಹಿಂದಕ್ಕೆ ಹೋದರೆ ಗೇರಿಗೆ ಲಿಂಕೇಜ್ ಕಟ್ಟಬೇಕು. ಕಟ್ಟಿದರೆ ಲಿವರ್ ಮೇಲೆ ತಿರುಗುವುದಿಲ್ಲ, ಕಿಕ್ ಹೋಯ್ತು. ಆಮೇಲೆ ಪ್ರತಿ ಸಲ ತಳ್ಳಿ ಸ್ಟಾರ್ಟ್ ಮಾಡಬೇಕು. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಆಫ್ ಆದರೆ ಯಾರು ತಳ್ಳುತ್ತಾರೆ? ಅಷ್ಟೇ ಅಲ್ಲ, ಈ ಲಿವರ್ ಒತ್ತಿದಾಗ ಒಳಗೆ ಕ್ಲಚ್ ಕೂಡ ಎತ್ತುತ್ತೆ. ಲಿಂಕೇಜಿನಲ್ಲಿ ಆಟ ಬಂದರೆ ಆ ಕೆಲಸವೂ ಹದಗೆಡುತ್ತೆ. ಫುಟ್‌ರೆಸ್ಟ್ ಇದ್ದಲ್ಲೇ ಇರಲಿ.

ಇನ್ನೊಂದು. ನಿಮ್ಮ ತಂದೆ ಘಾಟಿ ಇಳಿಯುವಾಗ 'ಡುರ್ರ್' ಅನ್ನಿಸುತ್ತಿದ್ದದ್ದು ಸ್ಟೈಲ್ ಅಲ್ಲ. ಈ ಇಂಜಿನ್ನಿಗೆ ಬೇರೆ ಆಯಿಲ್ ಪಂಪ್ ಇಲ್ಲ, ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತೆ, ಪೆಟ್ರೋಲ್ ಮಾತ್ರ ಹನಿ ಹನಿ. ಪಿಸ್ಟನ್ ಒಣಗುತ್ತೆ. ಅದಕ್ಕೇ ಕ್ಲಚ್ ಹಿಡಿದು ಆಗಾಗ ಒಂದು ಗುಟುಕು ಕುಡಿಸುತ್ತಿದ್ದರು. ಗಾಡಿ ಬಲ್ಲವರು. ಚಾರ್ಮಾಡಿಯಲ್ಲಿ ನೀವೂ ಹಾಗೇ ಮಾಡಿ.

ಗರಗಸ ಹಿಡಿದವ:

ನಾನು ಕತ್ತರಿಸಿದವನು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದು ಸೋದರಮಾವನ ಯೆಜ್ಡಿ. ಐದು ವರ್ಷದ ಹಿಂದೆ ಹಿಂದಿನ ಫ್ರೇಮ್ ಕತ್ತರಿಸಿ ಲೂಪ್ ಹಾಕಿಸಿದೆ. ವೆಲ್ಡಿಂಗ್ ಮಾಡಿದವನು ಗೇಟು, ಗ್ರಿಲ್ ಮಾಡುವವನು. ಅಳತೆ ಕೆಡದ ಹಾಗೆ ಹಿಡಿದಿಡುವ ಜಿಗ್ ಇಲ್ಲ, ಕಣ್ಣಳತೆ. ನೋಡೋಕೆ ಮಾತ್ರ ಸೂಪರ್. ಎಂಟು ತಿಂಗಳಲ್ಲಿ ಶಾಕ್ ಅಬ್ಸಾರ್ಬರ್ ಮೇಲಿನ ಬೋಲ್ಟ್ ಪಕ್ಕ ಕೂದಲಿನಂಥ ಬಿರುಕು ಬಂತು. ಎರಡು ಸಲ ಬೆಸೆದರೂ ಪಕ್ಕದಲ್ಲೇ ಇನ್ನೊಂದು ಬಿರುಕು. ಸಿಂಗಲ್ ಸಿಲಿಂಡರ್ ನಡುಕ ಗೊತ್ತಲ್ಲ.

ಬಿರುಕಿಗಿಂತ ದೊಡ್ಡ ತಲೆನೋವು ಆರ್‌ಸಿ. ರಿನ್ಯೂವಲ್‌ಗೆ ಗಾಡಿ ಒಯ್ದೆ. ಇನ್‌ಸ್ಪೆಕ್ಟರ್ ಸುತ್ತ ಒಂದು ರೌಂಡ್ ಹೊಡೆದು, "ಇದರಲ್ಲಿ ಎರಡು ಸೀಟು ಅಂತಿದೆ, ಇನ್ನೊಂದೆಲ್ಲಿ?" ಅಂದರು. ವಾಪಸ್ ಕಳಿಸಿದರು. ಬೈಯ್ಯೋಕೆ ಆಗಲ್ಲ, ಅವರು ಹೇಳಿದ್ದು ಸರಿಯಾಗೇ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು ಅಂತ ಬಂತು. ನಿಮ್ಮ ಪಟ್ಟಿಯಲ್ಲಿ ಎಷ್ಟು ಬದಲಾವಣೆ ಇವೆ, ಲೆಕ್ಕ ಹಾಕಿಕೊಳ್ಳಿ.

ಕೊನೆಗೆ ಶಿವಾಜಿನಗರ, ಜೆ.ಸಿ. ರೋಡು ಎಲ್ಲ ಅಲೆದು ಗುಜರಿಯಿಂದ ಹಳೇ ಫ್ರೇಮಿನ ಹಿಂಭಾಗ ತಂದು ಮತ್ತೆ ಜೋಡಿಸಿದೆ. ಅದು ಒಂದು ಬೆರಳು ಓರೆಯಾಗಿದೆ. ಹಿಂದಿನ ಚಕ್ರ ಇವತ್ತಿಗೂ ಮುಂದಿನದರ ಗೀಟಿನಲ್ಲಿ ಓಡುವುದಿಲ್ಲ. ಮಾವ ಗಾಡಿ ನೋಡಿ ಏನೂ ಹೇಳಲಿಲ್ಲ. ಕಾಫಿ ಕುಡಿದು ಹೋದರು.

ನಿಮಗೆ ಇನ್ನೊಂದು ಕೆಲಸ ಬಾಕಿ ಇದೆ ಅನ್ನಿಸುತ್ತೆ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲೇ ಇದೆಯಾ? ಹಾಗಿದ್ದರೆ ಮೊದಲು ಫಾರಂ 31ರಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ತೀರಿಕೊಂಡ ಮೂರು ತಿಂಗಳೊಳಗೆ ಮಾಡಬೇಕಿತ್ತು, ತಡಕ್ಕೆ ದಂಡ ಬೀಳುತ್ತೆ. ಅಮ್ಮ, ತಂಗಿ ಇಬ್ಬರ ಒಪ್ಪಿಗೆ ಪತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಫಾರಂ 25, ರಿನ್ಯೂವಲ್. ಇವೆರಡೂ ಮುಗಿಯುವವರೆಗೆ ಗಾಡಿ ಫ್ಯಾಕ್ಟರಿಯಿಂದ ಬಂದ ಹಾಗೇ ಇರಲಿ. ಬಣ್ಣ ಕೂಡ ಅದೇ ಇರಲಿ.

ಇನ್ನೊಂದು ಲೆಕ್ಕವೂ ಇದೆ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಂತ ಬರುತ್ತೆ. ದಿನಾ ಓಡಿಸುವ ಹಾಗಿಲ್ಲ ಅನ್ನೋದು ಬೇರೆ ಮಾತು. ನಿಮ್ಮದು 2036ಕ್ಕೆ ಅದರೊಳಗೆ ಬರುತ್ತೆ. ಕತ್ತರಿಸಿದರೆ ಬರಲ್ಲ.

ಕ್ಲಿಪ್ಆನ್ ಕಿಟ್ಟಿ:

ಅಣ್ಣ, ನನ್ನ ಮಾತು ವಾಪಸ್. ಕಿಕ್ ಲಿವರ್ ವಿಷಯ ನಂಗೆ ಗೊತ್ತೇ ಇರಲಿಲ್ಲ. ನಾನು ಓಡಿಸಿರೋದು ಫೋರ್ ಸ್ಟ್ರೋಕ್ ಮಾತ್ರ.

ಮೂಡಿಗೆರೆ ಮಳೆ:

ಎಲ್ಲರಿಗೂ ಥ್ಯಾಂಕ್ಸ್. ಯಾದವಗಿರಿ ಸರ್, ನಿಮ್ಮ 'ಡುರ್ರ್' ಪ್ಯಾರಾ ಅಮ್ಮನಿಗೆ ಓದಿ ಹೇಳಿದೆ. "ಹೌದು, ನಾನು ಬೈತಿದ್ದೆ, ಪೆಟ್ರೋಲ್ ದಂಡ ಅಂತ. ಸುಮ್ನಿರೇ ಅಂತಿದ್ರು, ಕಾರಣ ಹೇಳ್ತಿರಲಿಲ್ಲ" ಅಂದರು. ಅಪ್ಪ ಯಾವುದಕ್ಕೂ ಕಾರಣ ಹೇಳುತ್ತಿರಲಿಲ್ಲ.

ಎರಡು ವಾರದಲ್ಲಿ ಆದದ್ದು ಇಷ್ಟು. ಇಂಜಿನ್ ಬಿಚ್ಚಿದೆ. ಗೇರ್ ಆಯಿಲ್ ನಿಜವಾಗಿಯೂ ಅರ್ಧಕ್ಕರ್ಧ ಕಮ್ಮಿ ಇತ್ತು. ಸೀಲ್ ತೆಗೆಯುವಾಗ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ರಾಡ್ ಮೇಲೆ ಕೆಳಗೆ ಆಡುವುದಿಲ್ಲ, ಪುಣ್ಯ. ಬೋರ್ ಅಳೆದೆ. ಎಕ್ಸಾಸ್ಟ್ ಪೋರ್ಟ್ ಬದಿಯಲ್ಲಿ ಗೀರು ಉಗುರಿಗೆ ಸಿಗುತ್ತೆ. ಬೋರಿಂಗ್‌ಗೆ ಕೊಟ್ಟಿದ್ದೇನೆ. ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕ ಬೋರ್ ಮಾಡಿ ಅಂತ ಹೇಳಿದೆ. ಬೋರಿಂಗ್ ಮಾಡುವವರು, "ಇಷ್ಟು ಕೇಳುವವರು ಬಂದು ಬಹಳ ದಿನ ಆಗಿತ್ತು" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಆರ್‌ಸಿ 2011ಕ್ಕೇ ಮುಗಿದಿದೆ, ಅಪ್ಪನ ಹೆಸರಿನಲ್ಲೇ ಇದೆ. ಫಾರಂ 31 ಕೆಲಸ ಶುರು ಮಾಡಿದ್ದೇನೆ. ತಂಗಿ ಸಹಿ ಹಾಕಲು ಒಂದು ಷರತ್ತು ಹಾಕಿದ್ದಾಳೆ: ಅವಳಿಗೂ ಓಡಿಸಲು ಕೊಡಬೇಕು.

ಕೆಫೆ ರೇಸರ್ ಆಸೆ ಬಿಟ್ಟಿಲ್ಲ. ಪಟ್ಟಿ ಚಿಕ್ಕದಾಗಿದೆ, ಅಷ್ಟೇ. ಫ್ರೇಮ್, ಸೈಲೆನ್ಸರ್, ಫಿಲ್ಟರ್ ಡಬ್ಬ, ಫುಟ್‌ರೆಸ್ಟ್ ಯಾವುದಕ್ಕೂ ಕೈ ಹಚ್ಚುವುದಿಲ್ಲ. ಸೀಟಿನ ಹಿಂದಿನ ಅರ್ಧಕ್ಕೆ ತಗಡಿನಲ್ಲಿ ಒಂದು ಗೂನು ಮಾಡುತ್ತೇನೆ. ಮೂಲ ಸೀಟಿನ ಮೇಲೇ ಟೊಪ್ಪಿ ಹಾಗೆ ಕೂರಬೇಕು, ಕೆಳಗಿನಿಂದ ಎರಡು ಬೋಲ್ಟ್. ಬಿಚ್ಚಿದರೆ ಎರಡು ಸೀಟಿನ ಗಾಡಿ. ಕ್ಲಿಪ್-ಆನ್ ನಾನೇ ಅಲ್ಯೂಮಿನಿಯಮ್ಮಿನಲ್ಲಿ ಮಿಲ್ಲಿಂಗ್ ಮಾಡಬೇಕು ಅಂತಿದ್ದೆ. ಮೊನ್ನೆ ಸ್ಟೂಲ್ ಮೇಲೆ ಕೂತು ಆ ಭಂಗಿಯಲ್ಲಿ ಇಪ್ಪತ್ತು ನಿಮಿಷ ಬಗ್ಗಿ ನೋಡಿದೆ. ಮಣಿಕಟ್ಟು ಎರಡು ದಿನ ನೋವು. ಅದರಲ್ಲಿ ಘಾಟಿ ಇಳಿಯುವುದು, ಅದೂ ಎರಡೂ ಕಡೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ? ಹಳೇ ಕ್ಲಾಂಪಿಗೇ ಕೂರುವ, ಸ್ವಲ್ಪ ಮಾತ್ರ ತಗ್ಗಿದ ಹ್ಯಾಂಡಲ್ ಸಾಕು ಅನ್ನಿಸುತ್ತಿದೆ. ಅದೂ ಆರ್‌ಸಿ ಆದ ಮೇಲೆ, ಅಲ್ಲಿ ಕೇಳಿಕೊಂಡು. ಬೇಡ ಅಂದರೆ ಬೇಡ.

ಇನ್ನೆರಡು ಪ್ರಶ್ನೆ ಉಳಿದಿವೆ. ಟ್ಯಾಂಕ್ ಒಳಗೆಲ್ಲ ತುಕ್ಕು, ಏನು ಮಾಡಲಿ? ಮತ್ತೆ ಸಾರಿ ಗಾರ್ಡ್. ಅಪ್ಪ ಅದಕ್ಕೆ ಅಮ್ಮನ ಕಾಲಿಡಲು ಒಂದು ಪಟ್ಟಿ ಬೆಸೆಯಿಸಿದ್ದರು. ಕೆಫೆ ರೇಸರ್‌ಗೆ ಸಾರಿ ಗಾರ್ಡ್ ಇದ್ದರೆ ನಗುತ್ತಾರಾ?

ಯಾದವಗಿರಿ 250:

ನಗಲಿ ಬಿಡಿ. ಲಂಡನ್ನಿನವರ ಥರ ಕಾಣಬೇಕು ಅಂತ ಏನಿದೆ? ಮದ್ರಾಸ್ ಹತ್ತಿರ ಶೋಲಾವರಂನ ಹಳೇ ವಿಮಾನದ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಗಾಡಿಗಳು ಅಲ್ಲಿ ಓಡಿವೆ. ರೇಸರ್ ಅನ್ನಿಸಿಕೊಳ್ಳೋಕೆ ಯೆಜ್ಡಿ ಯಾರ ಅಪ್ಪಣೆಯೂ ಕೇಳಬೇಕಿಲ್ಲ.

ಟ್ಯಾಂಕಿಗೆ: ಪೆಟ್ರೋಲ್ ಕಾಕ್ ಬಿಚ್ಚಿ ಬಾಯಿ ಮುಚ್ಚಿ, ಒಂದು ಹಿಡಿ ಚಿಕ್ಕ ನಟ್ಟು, ಸ್ವಲ್ಪ ಡೀಸೆಲ್ ಹಾಕಿ. ಹಳೇ ಕಂಬಳಿ ಸುತ್ತಿ ಚೆನ್ನಾಗಿ ಕುಲುಕಿ. ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಒಂದು ಒಳಗೆ ಉಳಿದರೆ ಘಾಟಿಯ ಪ್ರತಿ ತಿರುವಿನಲ್ಲೂ ತಾಳ ಹಾಕುತ್ತೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆತಿರುತ್ತೆ. ಅದು ಗಾಳಿಯ ನೀರು ಎಳೆಯುತ್ತೆ, ಹಳೇ ರಬ್ಬರ್ ಕೆಡಿಸುತ್ತೆ. ಪೈಪು, ಕಾಕ್ ವಾಷರ್ ಹೊಸದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವ ಹಾಗಿದ್ದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ. ಹೊಸ ಬೋರಿನ ಮೊದಲ ಐನೂರು ಕಿಲೋಮೀಟರ್ ಲೀಟರಿಗೆ 50 ಎಂ.ಎಲ್. ಆಯಿಲ್, ಆಮೇಲೆ 40. ಹೊಗೆ ಸ್ವಲ್ಪ ಬಂದರೂ ಪರವಾಗಿಲ್ಲ, ಇದು ಬೇರೆ ಹೊಗೆ.

ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಷ್ಟರೊಳಗೆ ಕಾಗದಪತ್ರ ಸರಿಯಾದರೆ ಗಾಡಿ ತನ್ನಿ. ಸಾರಿ ಗಾರ್ಡ್ ಜೊತೆಗೇ ತನ್ನಿ. ಆ ಕಾಲಿನ ಪಟ್ಟಿ ಎಷ್ಟು ಎತ್ತರಕ್ಕೆ ಬೆಸೆದಿದ್ದಾರೆ ಅಂತ ಅಳೆದು ಇಲ್ಲಿ ಬರೆಯಿರಿ. ನಮ್ಮ ಮನೆಯವರದ್ದೂ ಅದೇ ದೂರು, ಕಾಲು ಸಿಗಲ್ಲ ಅಂತ.

ಮೂಡಿಗೆರೆ ಮಳೆ:

ಅಳೆದೆ ಸರ್. ಕೆಳಗಿನ ಬೋಲ್ಟಿನಿಂದ 85 ಮಿ.ಮೀ. ಮೇಲೆ, ಹಿಂದಕ್ಕೆ ಸ್ವಲ್ಪ ವಾಲಿದೆ. ಅಮ್ಮನ ಎತ್ತರ ಐದು ಅಡಿ. ನಿಮ್ಮ ಮನೆಯವರದ್ದು ಹೇಳಿದರೆ ಒಂದು ಪಟ್ಟಿ ನಾನೇ ಮಾಡಿ ತರುತ್ತೇನೆ.